ಇಪ್ಪತ್ತೆರಡು ಹಲ್ಲಿನ ಸಣ್ಣ ಚಕ್ರ

"ಅಯ್ಯ ನಮ್ಮಪ್ಪ, ಏನ್ ಮಾಡಿದ್ರಿ ಇದು?"

ವಿಶಾಲಾಕ್ಷಿ ಚಹಾದ ಕಪ್ಪು ಹಿಡಿದುಕೊಂಡು ಬಾಲ್ಕನಿಯ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಗಂಡ ಅಮರೇಶಪ್ಪ ನೆಲಕ್ಕೆ ಹಳೆಯ ಪೇಪರು ಹಾಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದ. ಎದುರಿಗೆ ಸೈಕಲ್ಲಿನ ಎರಡು ಕ್ರ್ಯಾಂಕ್‌ಸೆಟ್ಟು, ಅಂದರೆ ಪೆಡಲು ಕೂರುವ ತೋಳುಗಳು, ಚೈನು ಓಡುವ ಹಲ್ಲಿನ ಚಕ್ರಗಳು. ಅವನ ಬಲಗೈಯಲ್ಲಿ ಸಣ್ಣದೊಂದು ಬ್ರಶ್ಶು. ಎರಡರಲ್ಲಿ ಒಂದು ಸೆಟ್ಟಿನ ತೋಳಿನ ಮೇಲೆ ಕಡಲೆಕಾಳಿನಷ್ಟು ಕೆಂಪು ಬಣ್ಣದ ಬೊಟ್ಟು, ಇನ್ನೂ ಹಸಿಹಸಿ.

ಅಮರೇಶಪ್ಪ ಬ್ರಶ್ಶನ್ನು ನೋಡಿದ, ಬೊಟ್ಟನ್ನು ನೋಡಿದ, ಆಮೇಲೆ ಹೆಂಡತಿಯ ಮುಖ ನೋಡಿದ.

"ಅಲ್ಲ, ಇದು ನಾಪಾಸು," ಅಂದ. "ದೊಡ್ಡ ಚಕ್ರ ಹೊಯ್ದಾಡ್ತೈತಿ. ಅರ್ಧ ಮಿಲಿಮೀಟರ್. ನಾಪಾಸ್ ಮಾಲಿಗೆ ಕೆಂಪು ಹಚ್ಚಬೇಕಲ್ಲ?"

"ಇದೇನು ನಿಮ್ಮ ಫ್ಯಾಕ್ಟರಿ ಏನ್ರಿ? ನೋಡಿ ಒಂದು ಇಟಗೊಂಡು ಒಂದು ವಾಪಸ್ ಕೊಡ್ತೀವಂತ ಹೇಳಿ ತಂದದ್ದು! ಒಂದು ಗೀರು ಬಿದ್ರೂ ತೊಗೊಳ್ಳಾಂಗಿಲ್ಲ ಅಂತ ಸೈಕಲ್ ಅಂಗಡಿ ಮುನವ್ವರ್ ಭಾಯಿ ಬಾಯಿ ನೋಯೂವಂಗ ಹೇಳಿದ್ರು. ನಿಮ್ಮ ಕಿವಿ ಎಲ್ಲಿದ್ವು?"

ಅಮರೇಶಪ್ಪ ಅವಸರದಿಂದ ಬನಿಯನ್ನಿನ ತುದಿಯಿಂದ ಒರೆಸಲು ಹೋದ. ಬನಿಯನ್ನು ಕೆಂಪಾಯಿತು, ಬೊಟ್ಟು ಇದ್ದಲ್ಲೇ ಇತ್ತು. "ಹೋಗಂಗಿಲ್ಲ ಅದು," ಅಂದ. ದನಿಯಲ್ಲಿ ತುಸು ಹೆಮ್ಮೆಯೂ ಇತ್ತು. "ಅಳಿಸಿ ಹೋಗೂವಂಗಿದ್ರ ಅದು ಇನ್ಸ್‌ಪೆಕ್ಷನ್ ಬಣ್ಣನಽ ಅಲ್ಲ."

ಅವನನ್ನು ಬೈದು ಪ್ರಯೋಜನವಿಲ್ಲ ಎಂದು ವಿಶಾಲಾಕ್ಷಿಗೆ ಗೊತ್ತಿತ್ತು, ಆದರೂ ಬೈದಳು. ಹೈದರಾಬಾದಿನ ಅಂಚಿನ ರಕ್ಷಣಾ ಕಾರ್ಖಾನೆಯಲ್ಲಿ ಇಡೀ ನೌಕರಿಯನ್ನು ಅವನು ತಪಾಸಣೆ ವಿಭಾಗದಲ್ಲೇ ಕಳೆದವನು. ತಯಾರಾಗಿ ಬಂದ ಬಿಡಿಭಾಗವನ್ನು ಅಳೆಯಬೇಕು. ಸರಿಯಿದ್ದರೆ ಹಸಿರು ಬೊಟ್ಟು, ತಪ್ಪಿದ್ದರೆ ಕೆಂಪು ಬೊಟ್ಟು. ನಿವೃತ್ತನಾಗಿ ಮೆಹದಿಪಟ್ಟಣಂನ ಈ ಮನೆಗೆ ಬಂದು ಕೂತ ಮೇಲೆ ಕೈ ಸುಮ್ಮನಿರಲಿಲ್ಲ. ಅಂಥದೇ ಎರಡು ಡಬ್ಬಿ ಬಣ್ಣ ಕೊಂಡುತಂದು ಇಟ್ಟುಕೊಂಡಿದ್ದ. ಕುಕ್ಕರಿನ ಮುಚ್ಚಳ, ಗ್ಯಾಸಿನ ಪೈಪು, ಮಹಡಿಯ ನೀರಿನ ನಲ್ಲಿ, ಯಾವುದನ್ನೂ ಬಿಟ್ಟಿರಲಿಲ್ಲ. ಪಕ್ಕದ ಮನೆಯವರ ಗೇಟಿನ ಚಿಲಕಕ್ಕೂ ಒಂದು ಕೆಂಪು ಬಿದ್ದು, ಆ ಮನೆಯ ಯಜಮಾನಿ ಒಂದು ವಾರ ಮಾತು ಬಿಟ್ಟಿದ್ದಳು.

ವಿಶಾಲಾಕ್ಷಿಯ ಸೈಕಲ್ಲಿನ ಹುಚ್ಚು ಇವನ ಬಣ್ಣದ ಹುಚ್ಚಿಗೇನೂ ಕಡಿಮೆಯಿರಲಿಲ್ಲ. ಗದಗಿನಲ್ಲಿ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲು ಕದ್ದು ಕಲಿತವಳು, ಮದುವೆ, ಮಕ್ಕಳು, ಟೆಲಿಫೋನ್ ಆಫೀಸಿನ ಪಾಳಿ ಅಂತ ಮರೆತೇಬಿಟ್ಟಿದ್ದಳು. ಐವತ್ತು ದಾಟಿ ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಒಂದು ದಿನ ತೆಲಂಗಾಣ ಬಂದ್ ಇತ್ತು. ಬಸ್ಸಿಲ್ಲ, ಆಟೋ ಇಲ್ಲ, ರಸ್ತೆಗಳೆಲ್ಲ ಖಾಲಿ. ಎದುರುಮನೆಯ ಹುಡುಗಿಯ ಸೈಕಲ್ಲು ಇಸಿದುಕೊಂಡು ಮಾಸಬ್ ಟ್ಯಾಂಕಿನವರೆಗೆ ಹೋಗಿ ಬಂದಳು. ಬಂದವಳು ನೆಟ್ಟಗೆ ಅಡಿಗೆಮನೆಗೆ ಹೋಗಿ ಎರಡು ತಂಬಿಗೆ ನೀರು ಕುಡಿದು, "ನನಗೊಂದು ಸೈಕಲ್ ಬೇಕು," ಅಂದಳು. ಅಲ್ಲಿಂದ ಮುಂದೆ ಊರಿಗೆಲ್ಲ ಬಂದ್ ಅಂದರೆ ಸಂಕಟ, ಇವಳಿಗೊಬ್ಬಳಿಗೆ ಹಬ್ಬ.

ಈಗಿನ ಸೈಕಲ್ಲು ಸೈನಿಕಪುರಿಯ ನಿವೃತ್ತ ಕರ್ನಲ್ ಒಬ್ಬನದು. ದೂರದ ಪ್ರಯಾಣಕ್ಕೆಂದೇ ಮಾಡಿದ್ದು, ಉಕ್ಕಿನ ಚೌಕಟ್ಟು, ಹಿಂದೆ ಗಟ್ಟಿ ಕ್ಯಾರಿಯರ್. ಕರ್ನಲ್‌ನ ಮೊಣಕಾಲು ಸೋತು ಮಾರಿದ್ದ. ಮೊಣಕಾಲಿನ ಜೊತೆಗೆ ಸೈಕಲ್ಲಿನ ಕೀಲೂ ಸೋತಿತ್ತು. ಎರಡು ಪೆಡಲುಗಳ ನಡುವೆ, ಚೌಕಟ್ಟಿನ ತಳದಲ್ಲಿ ಕೂತು ತಿರುಗುವ ಅಚ್ಚಿಗೆ ಬಾಟಮ್ ಬ್ರಾಕೆಟ್ ಅನ್ನುತ್ತಾರೆ. ಅದು ಪ್ರತಿ ಸುತ್ತಿಗೂ ಕಟಕ್ ಅನ್ನುತ್ತಿತ್ತು. ಹಲ್ಲಿನ ಚಕ್ರಗಳೂ ಸಪಾಟು ರಸ್ತೆಯಲ್ಲಿ ಓಡುವವರಿಗೆ ತಕ್ಕಂಥ ದೊಡ್ಡವು. ಏರು ಬಂದರೆ ಇಳಿದು ನೂಕಬೇಕು. ಹಾಗಾಗಿ ಎರಡನ್ನೂ ಬದಲಿಸಲೇಬೇಕಾಗಿತ್ತು, ಅದೂ ಯುಗಾದಿಯ ಒಳಗೆ.

ಯುಗಾದಿಗೆ ವಿಶಾಲಾಕ್ಷಿ ಶ್ರೀಶೈಲಕ್ಕೆ ಹೋಗುವವಳಿದ್ದಳು. ಸೈಕಲ್ಲಿನ ಮೇಲೆ. ಸೀರೆ ತೆಗೆದುಕೊಂಡು.

ಸೀರೆಯ ಮಾತು ಬಂದರೆ ಅವಳ ಅತ್ತೆ ಗುರುಬಾಯಿಯ ಮಾತು ಬರಲೇಬೇಕು. ಹುನಗುಂದದ ಕಡೆಯ ಹಳ್ಳಿಯ ಹೆಣ್ಣುಮಗಳು. ಆ ಕಡೆಯ ಮನೆತನಗಳಿಗೆ ಶ್ರೀಶೈಲದ ಭ್ರಮರಾಂಬೆ ದೇವರಿಗಿಂತ ಹೆಚ್ಚಾಗಿ ಮನೆಯ ಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ತವರಿನವರು ಮಗಳಿಗೆ ಸೀರೆ, ಕುಪ್ಪಸ, ಉಡಿ ಅಕ್ಕಿ ತೆಗೆದುಕೊಂಡು ಹೋಗುತ್ತಾರೆ. ಬಸ್ಸಿನಲ್ಲಲ್ಲ, ನಡೆದುಕೊಂಡು. ಗುರುಬಾಯಿ ಮದುವೆಯಾದ ವರ್ಷದಿಂದ ನಡೆದವಳು. ಬಸಿರಿದ್ದಾಗ ನಡೆದಿದ್ದಳು, ಗಂಡ ಸತ್ತ ವರ್ಷವೂ ನಡೆದಿದ್ದಳು. ಮಗನ ಮನೆಗೆ ಹೈದರಾಬಾದಿಗೆ ಬಂದ ಮೇಲೆ ಮೊಣಕಾಲು ಕೈಕೊಟ್ಟವು. ಒಂದು ಸಲ ಊರಿನ ಯಾರದೋ ಕೈಯಲ್ಲಿ ಸೀರೆಯನ್ನು ಬಸ್ಸಿನಲ್ಲಿ ಕಳಿಸಿದರು. ಆವತ್ತು ಮುದುಕಿ ಹೋಳಿಗೆ ಮುಟ್ಟಲಿಲ್ಲ.

"ಗಾಲಿ ಮ್ಯಾಲ ಹೋದ್ರ ಅದು ಪಾರ್ಸಲ್," ಅಂದಿದ್ದಳು. "ಮಗಳಿಗೆ ಪಾರ್ಸಲ್ ಕಳಿಸೋ ತವರುಮನಿ ಎಂಥಾದ್ದು?"

ಅಲ್ಲಿಗೆ ಕಳಿಸುವುದು ನಿಂತಿತು. ಆದರೆ ಕೊಂಡ ಸೀರೆಯೊಂದು ಅವಳ ಟ್ರಂಕಿನಲ್ಲಿ ಹಾಗೆಯೇ ಮಲಗಿತ್ತು. ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ, ಕೀಲಿಕೈಯನ್ನು ಸೊಂಟದಿಂದ ಬಿಚ್ಚುತ್ತಿರಲಿಲ್ಲ.

ತಾನು ಸೈಕಲ್ಲಿನ ಮೇಲೆ ಒಯ್ಯುತ್ತೇನೆ ಎಂದು ವಿಶಾಲಾಕ್ಷಿ ಸಂಕ್ರಾಂತಿಯಲ್ಲೇ ಕೇಳಿದ್ದಳು. "ಅತ್ತಿ, ಗಾಲಿ ತಿರಗೋದು ನನ್ನ ಕಾಲಿನಿಂದನಽ ಅಲ್ಲೇನ್ರಿ? ಇಂಜಿನ್ ಇಲ್ಲ, ಪೆಟ್ರೋಲ್ ಇಲ್ಲ."

ಗುರುಬಾಯಿ ಎಲೆಗೆ ಸುಣ್ಣ ಸವರುತ್ತಿದ್ದಳು. "ಗಾಲಿ ಓಡ್ತೈತಿ, ವಿಶಾಲೀ. ತವರಿನವರು ಓಡಿಕೋತ ಬರಂಗಿಲ್ಲ. ನಡಕೋತ ಬರ್ತಾರ, ದಾರಿಗುಂಟ ಮಾತಾಡಕೋತ ಬರ್ತಾರ. ಓಡಿ ಬಂದವರು ಟಪಾಲಿನವರು, ಸಾಲ ಕೇಳವ್ರು," ಅಂದು ಎಲೆ ಬಾಯಿಗೆ ಹಾಕಿಕೊಂಡಿದ್ದಳು. ಇಲ್ಲವೆಂದೂ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.

ವಿಶಾಲಾಕ್ಷಿಗೆ ಇದು ಬರೀ ಸೈಕಲ್ಲಿನ ಹುಚ್ಚಲ್ಲ. ಅವಳ ಗದಗಿನ ತವರುಮನೆ ಮಾರಾಟವಾಗಿ ವರ್ಷಗಳಾಗಿದ್ದವು. ಅಪ್ಪ ಅಮ್ಮ ಇಲ್ಲ, ಅಣ್ಣನೂ ಹೋದ. ಹಬ್ಬ ಬಂದರೆ ಅವಳಿಗೆ ಸೀರೆ ತರುವವರು ಯಾರೂ ಉಳಿದಿರಲಿಲ್ಲ. ಅಂಗಡಿಯಿಂದ ತನಗೆ ತಾನೇ ಎಷ್ಟು ತಂದುಕೊಂಡರೂ ಆ ಜಾಗ ತುಂಬುತ್ತಿರಲಿಲ್ಲ. ಶ್ರೀಶೈಲದ ಗುಡ್ಡದ ಮೇಲೆ ಕೂತವಳೂ ತನ್ನ ಹಾಗೆಯೇ ದಾರಿ ನೋಡುತ್ತಿರಬೇಕು ಅನಿಸುತ್ತಿತ್ತು. ಸೀರೆ ಹೋಗಬೇಕು. ಅದೂ ಅತ್ತೆ ತನ್ನ ಕೈಯಾರೆ ಕೊಟ್ಟು ಹೋಗಬೇಕು.

ಶನಿವಾರ ಗಂಡ ಹೆಂಡತಿ ಎರಡೂ ಸೆಟ್ಟುಗಳನ್ನು ಚೀಲದಲ್ಲಿ ಹಾಕಿಕೊಂಡು ಹಿಮಾಯತ್‌ನಗರಕ್ಕೆ ಹೋದರು. ಅಮರೇಶಪ್ಪ ಸೈಕಲ್ಲು ಹೇರಿದ ಟ್ರಾಲಿ ಆಟೋದಲ್ಲಿ, ತಪ್ಪು ಮಾಡಿದ ವಿದ್ಯಾರ್ಥಿಯ ಮುಖ ಮಾಡಿಕೊಂಡು ಕೂತಿದ್ದ.

ಮುನವ್ವರ್ ಭಾಯಿಯ ಅಂಗಡಿ ಬಟ್ಟೆಯಂಗಡಿಗಳ ನಡುವಿನ ಒಂದು ಉದ್ದನೆಯ ಕೋಣೆ. ಸ್ವತಃ ಸೈಕಲ್ಲು ಹೊಡೆಯುವವನು, ತೆಳ್ಳಗೆ, ಬಿಳಿ ಗಡ್ಡ. ಅವನು ಕೆಂಪು ಬೊಟ್ಟನ್ನು ಬೆಳಕಿಗೆ ಹಿಡಿದು ನೋಡಿದ, ಉಗುರಿನಿಂದ ಕೆರೆದ, ಮೂಸಿಯೂ ನೋಡಿದ.

"ಅಮ್ಮಾ, ಯೇ ಲಾಲ್ ಟಿಕ್ಕಾ ಕೈಕು? ಈ ಕೆಂಪು ಬೊಟ್ಟು ಯಾಕೆ?"

ವಿಶಾಲಾಕ್ಷಿ ಗಂಡನ ಕಡೆ ಬೆರಳು ತೋರಿಸಿದಳು. ಅಮರೇಶಪ್ಪ ತನಗೆ ಬರುವ ಕಾರ್ಖಾನೆಯ ಹಿಂದಿಯಲ್ಲಿ ಅರ್ಧ ಮಿಲಿಮೀಟರಿನ ವಿಷಯ ವಿವರಿಸಿದ. ಮುನವ್ವರ್ ಭಾಯಿ ಕೇಳುತ್ತ ಕೇಳುತ್ತ ಸ್ಟೂಲಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು ಕೈ ಅಡ್ಡ ಆಡಿಸಿದ. "ಅಬ್ ವಾಪಸ್ ನಕ್ಕೋ ಸಾಬ್. ನಿಮ್ಮ ಮಾಲು ನಿಮಗೇ."

ಹಾಗೆ ಕೆಂಪು ಬೊಟ್ಟಿನ ಸೆಟ್ಟು ಅವರ ಪಾಲಿಗೆ ಬಂತು. ಅದು ಹಳೆಯ ಮಾದರಿಯದು, ತೂಕದ್ದು. ಮೂರು ಚಕ್ರ. ಎಲ್ಲಕ್ಕಿಂತ ಒಳಗಿನದು ಇಪ್ಪತ್ತೆರಡೇ ಹಲ್ಲಿನದು, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಸಣ್ಣದು. ಚೌಕ ತುದಿಯ ಅಚ್ಚಿನ ಬಾಟಮ್ ಬ್ರಾಕೆಟ್ಟಿಗೆ ಕೂರುವಂಥದು. ಇನ್ನೊಂದು ಹೊಸ ಕಾಲದ್ದು, ಎರಡೇ ಚಕ್ರ, ಟೊಳ್ಳು ಅಚ್ಚು, ಬೇರಿಂಗುಗಳು ಚೌಕಟ್ಟಿನ ಹೊರಗಡೆ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಸಣ್ಣ ಚಕ್ರಕ್ಕೇ ಮೂವತ್ತನಾಲ್ಕು ಹಲ್ಲು. ಪೆಡಲಿನ ಬಳಿಯ ಚಕ್ರದಲ್ಲಿ ಹಲ್ಲು ಕಡಿಮೆಯಾದಷ್ಟೂ ಪೆಡಲು ಹಗುರ, ವೇಗ ಕಡಿಮೆ.

"ಆ ಸಣ್ಣದು ಬಚ್ಚೋಂಕಾ ಹೈ ಅಮ್ಮಾ, ಮಕ್ಕಳಿಗೆ," ಅಂದ ಮುನವ್ವರ್ ಭಾಯಿ. "ಅದರ ಮೇಲೆ ಹೋದರೆ ಇರುವೆ ನಿಮ್ಮನ್ನು ದಾಟಿ ಹೋಗುತ್ತದೆ. ಈ ಚಮಕ್ ಮಾಲು ಹಾಕಿಸಿಕೊಳ್ಳಿ, ನನ್ನ ಸ್ವಂತ ಗಾಡಿಗೂ ಇದೇ ಇದೆ."

"ನಾನೂ ಅದನ್ನಽ ಹೇಳಾಕತ್ತೀನಿ," ಅಂದ ಅಮರೇಶಪ್ಪ. "ಹೊಸಾದು ಕೂದಲೆಳಿಯಷ್ಟೂ ಹೊಯ್ದಾಡಂಗಿಲ್ಲ. ಹಾಕಿಸು. ಕೆಂಪಂದು ನನ್ನ ತಪ್ಪಿಗೆ ಮನ್ಯಾಗ ಇರಲಿ."

ಇಬ್ಬರು ಗಂಡಸರೂ ಒಂದಾದದ್ದು ನೋಡಿ ವಿಶಾಲಾಕ್ಷಿಗೆ ಹಟ ಬಂತು. ಶ್ರೀಶೈಲದ ರಸ್ತೆಯಲ್ಲಿ ದಿಂಡಿ ಊರು ದಾಟಿದ ಮೇಲಿನ ದಾರಿ ಅವಳ ತಲೆಯಲ್ಲಿತ್ತು. ಮನ್ನನೂರಿನ ಗೇಟಿನಿಂದ ಹುಲಿಯ ಕಾಡು. ಕತ್ತಲಾದರೆ ಆ ಗೇಟು ಮುಚ್ಚುತ್ತಾರೆ, ಬೆಳಕಿದ್ದಾಗಲೇ ಕಾಡು ದಾಟಬೇಕು. ಅಣೆಕಟ್ಟಿನವರೆಗೆ ಇಳಿದು ಮತ್ತೆ ಗುಡ್ಡ ಹತ್ತಬೇಕು. ಅಲ್ಲಿ ಇಳಿದು ನೂಕುತ್ತ ಕೂತರೆ ಸಂಜೆಯೊಳಗೆ ಮುಟ್ಟುವ ಮಾತಿಲ್ಲ. ಜೊತೆಗೆ ಬರುವವರು ಅವಳ ಭಾನುವಾರದ ಗುಂಪಿನ ಇಬ್ಬರು ಹೆಂಗಸರು, ಇಬ್ಬರೂ ಅವಳಿಗಿಂತ ಚಿಕ್ಕವರು. ಅವರನ್ನು ಕಾಡಿನಲ್ಲಿ ಕಾಯಿಸುವುದು ಅವಳಿಗೆ ಬೇಕಿರಲಿಲ್ಲ.

"ಬಾಯಿ ಮಾತು ಬ್ಯಾಡ," ಅಂದಳು. "ನಾಳೆ ಮುಂಜಾನೆ ನೌಬತ್ ಪಹಾಡ್, ಆ ಗುಡಿ ಗುಡ್ಡ. ಭಾಯಿ, ನಿಮ್ಮ ಗಾಡಿ ತಗೊಂಡು ಬರ್ರಿ, ಅದನ್ನೂ ಹತ್ತಿಸಿ ನೋಡ್ತೀನಿ. ಕೆಂಪಂದನ್ನ ಈಗ ನನ್ನ ಗಾಡಿಗೆ ಹಾಕ್ರಿ."

ಮುನವ್ವರ್ ಭಾಯಿ ಪಾನಾ ಎತ್ತಿಕೊಂಡ. ಹಳೆಯ ಕೀಲು ಬಿಚ್ಚುವಾಗ ತುಕ್ಕಿನ ನೀರು ಸುರಿಯಿತು. ಹೊಸ ಬಾಟಮ್ ಬ್ರಾಕೆಟ್ಟು ಮೊಹರು ಮಾಡಿದ ಡಬ್ಬಿ, ಒಳಗೆ ಧೂಳು ಹೋಗುವ ಹಾಗಿಲ್ಲ, ಬಿಚ್ಚುವ ಕೆಲಸವೂ ಇಲ್ಲ. ಅಮರೇಶಪ್ಪ ಅದನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಅಚ್ಚು ತಿರುಗಿಸಿ ಕಿವಿಯ ಹತ್ತಿರ ಹಿಡಿದ. ಮತ್ತೆ ತಿರುಗಿಸಿದ. ಅವನ ಮುಖ ಅರಳಿತು. "ಆಹಾ! ಕೇಳಿಲ್ಲೆ, ಒಂದು ಸದ್ದಿಲ್ಲ. ಇದು ಪಾಸು ನೋಡು, ಹಂಡ್ರೆಡ್ ಪರ್ಸೆಂಟ್ ಪಾಸು," ಅಂದು ಜೇಬಿಗೆ ಕೈ ಹಾಕಿದ.

ವಿಶಾಲಾಕ್ಷಿ ಆ ಕೈಯನ್ನು ಜೇಬಿನಲ್ಲೇ ಹಿಡಿದಳು. "ಡಬ್ಬಿ ತಂದೀರಿ ಏನ್ರಿ ಇಲ್ಲೂ?"

"ಹಸಿರಂದಽ ತಂದೀನಿ," ಅಂದ ಅಮರೇಶಪ್ಪ, ಮೆಲ್ಲಗೆ.

ರಾತ್ರಿ ಊಟದ ಹೊತ್ತಿಗೆ ಗುರುಬಾಯಿಗೆ ಎಲ್ಲ ಗೊತ್ತಾಯಿತು. ರೊಟ್ಟಿ ಮುರಿಯುತ್ತ, "ಆ ಗುಡ್ಡಕ್ಕ ನಾನೂ ಬರ್ತೀನಿ," ಅಂದಳು.

"ನೀ ಯಾಕ ಯವ್ವಾ? ಅಲ್ಲಿ ಗುಡಿ ಭಾಳ ಮ್ಯಾಲ ಐತಿ, ನಿನ್ನ ಕಾಲು..."

"ಗುಡಿ ಯಾರಿಗೆ ಬೇಕಾಗೇತೋ? ನಾ ಏರು ನೋಡಾಕ ಬರ್ತೀನಿ."

ಭಾನುವಾರ ಬೆಳಿಗ್ಗೆ ಬಿಸಿಲು ಇನ್ನೂ ಎಳೆಯದಿತ್ತು. ನೌಬತ್ ಪಹಾಡಿನ ಏರು ಉದ್ದದಲ್ಲಿ ದೊಡ್ಡದಲ್ಲ, ಆದರೆ ಕಡಿದು. ಬಾಡಿಗೆ ಆಟೋ ಬುಡದಲ್ಲಿ ನಿಂತಿತು. ಗುರುಬಾಯಿ ಅದರಲ್ಲೇ ಕಾಲು ಚಾಚಿ ಕೂತು, ಸೆರಗು ಹೊದ್ದು, ಏರನ್ನು ಕೆಳಗಿನಿಂದ ಮೇಲಿನ ತನಕ ಒಮ್ಮೆ ನೋಡಿದಳು. "ಇಷ್ಟಽ ಏನು?" ಅಂದಳು.

ಮೊದಲು ಮುನವ್ವರ್ ಭಾಯಿಯ ಗಾಡಿ. ವಿಶಾಲಾಕ್ಷಿ ಚೂಡಿದಾರದ ದುಪಟ್ಟಾ ಬಿಗಿದು ಕಟ್ಟಿ ಹತ್ತಿದಳು. ಏನು ಹೇಳಬೇಕು ಅದರ ಗಮ್ಮತ್ತು! ತುಳಿದದ್ದೇ ತಡ, ಗಾಡಿ ಚಂಗನೆ ನೆಗೆಯಿತು. ಅಮರೇಶಪ್ಪ ಚಪ್ಪಾಳೆ ತಟ್ಟಿದ. ಮುನವ್ವರ್ ಭಾಯಿ "ಶಾಬಾಶ್ ಅಮ್ಮಾ!" ಅಂದ. ಅರ್ಧ ಏರು ಹೋಗುವಷ್ಟರಲ್ಲಿ ಪೆಡಲು ಕಲ್ಲಾಯಿತು. ಅವಳು ಸೀಟು ಬಿಟ್ಟು ಎದ್ದು ನಿಂತು ತುಳಿದಳು, ತೊಡೆ ನಡುಗಿದವು, ಎದೆ ಒಡೆದುಹೋಗುವ ಹಾಗಾಯಿತು. ಗಾಡಿ ಅತ್ತ ಇತ್ತ ತೂಗಿತು. ಕಾಲು ನೆಲಕ್ಕೆ ಬಿತ್ತು.

ತಳ್ಳಿಕೊಂಡು ಇಳಿದು ಬಂದವಳ ಮುಖ ಕೆಂಪಾಗಿತ್ತು. ಮಾತು ಹೊರಡಲಿಲ್ಲ.

"ಹಾರಿದಿ, ನಿಂತಿ," ಅಂದಳು ಗುರುಬಾಯಿ ಆಟೋದ ಒಳಗಿನಿಂದ. "ನಮ್ಮ ಪಾದಯಾತ್ರಿ ಗುಂಪಿನಾಗೂ ವರ್ಷಾ ನಾಕು ಮಂದಿ ಗಟ್ಟಿ ಹುಡುಗರು ಹಿಂಗಽ ಬರೋವ್ರು. ಮೊದಲ ದಿನ ನಮ್ಮನ್ನ ಹಿಂದ ಹಾಕೋವ್ರು. ಎಲ್ಡನೇ ದಿನ ಅವರ ಗಂಟು ನಾವು ಹೊರತಿದ್ವಿ."

ಈಗ ತನ್ನ ಗಾಡಿ. ಅಮರೇಶಪ್ಪ ಮನೆಯಿಂದ ಜೋಳದ ಚೀಲವೊಂದನ್ನು ತಂದಿದ್ದ. ಸೀರೆ, ಉಡಿ ಅಕ್ಕಿ, ತೆಂಗಿನಕಾಯಿ, ನೀರು, ಬಟ್ಟೆ ಎಲ್ಲ ಸೇರಿ ಎಷ್ಟು ತೂಕವಾದೀತು ಎಂದು ಲೆಕ್ಕ ಹಾಕಿ ಅಷ್ಟೇ ಜೋಳ ತುಂಬಿದ್ದ. "ಬರಿಗೈಲೆ ಪರೀಕ್ಷಾ ಮಾಡಬಾರದು," ಅಂದು ಅದನ್ನು ಕ್ಯಾರಿಯರಿಗೆ ಕಟ್ಟಿದ. ವಿಶಾಲಾಕ್ಷಿ ಚೈನನ್ನು ಎಲ್ಲಕ್ಕಿಂತ ಒಳಗಿನ ಸಣ್ಣ ಚಕ್ರಕ್ಕೆ ಇಳಿಸಿದಳು. ಹತ್ತಿದಳು.

ಗಾಡಿ ನೆಗೆಯಲಿಲ್ಲ. ನಿಜ ಹೇಳಬೇಕೆಂದರೆ ಮೊದಲು ಅದು ಹೊರಟಿದೆಯೋ ಇಲ್ಲವೋ ಅನ್ನುವುದೇ ತಿಳಿಯಲಿಲ್ಲ. ಕಾಲು ಗರಗರ ತಿರುಗುತ್ತಿದ್ದವು, ಕೆಂಪು ಬೊಟ್ಟು ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು, ಗಾಡಿ ಮಾತ್ರ ಮೊಳ ಮೊಳವಾಗಿ ಸರಿಯುತ್ತಿತ್ತು. ಗುಡಿಯಿಂದ ಇಳಿದು ಬರುತ್ತಿದ್ದ ಭಕ್ತರು ನಿಂತು ನೋಡಿದರು. ಮುನವ್ವರ್ ಭಾಯಿ ತನ್ನ ಅಂಗಡಿಯ ಮಾನ ಹೋದವನ ಹಾಗೆ ಬೇರೆ ಕಡೆ ಮುಖ ತಿರುಗಿಸಿದ. ಆದರೆ ತೊಡೆ ನಡುಗಲಿಲ್ಲ. ಕೀಲು ಕಟಕ್ ಅನ್ನಲಿಲ್ಲ. ಉಸಿರು ಇದ್ದ ಹಾಗೆಯೇ ಇತ್ತು. ವಿಶಾಲಾಕ್ಷಿಗೆ ಒಳಗೊಳಗೇ ನಗು ಬರತೊಡಗಿತು.

ಪಕ್ಕದಲ್ಲಿ ಯಾರೋ ನಡೆಯುತ್ತಿದ್ದಾರೆ ಅನಿಸಿ ತಿರುಗಿ ನೋಡಿದರೆ ಗುರುಬಾಯಿ! ಯಾವಾಗ ಆಟೋ ಇಳಿದಳೋ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕೈಯನ್ನು ಜೋಳದ ಚೀಲದ ಮೇಲಿಟ್ಟುಕೊಂಡು, ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಗಾಡಿಯ ಸಮಕ್ಕೆ ಬರುತ್ತಿದ್ದಳು. ಹಿಂದೆ ಅಮರೇಶಪ್ಪ "ಯವ್ವಾ, ಬಿದ್ದೀ, ಯವ್ವಾ!" ಅನ್ನುತ್ತ ಎರಡೂ ಕೈ ಚಾಚಿಕೊಂಡು ಓಡಿ ಬಂದ.

"ನೀ ಸುಮ್ಮನಿರೋ," ಅಂದಳು ಗುರುಬಾಯಿ ಅವನನ್ನು ನೋಡದೆ. "ವಿಶಾಲೀ, ನಿನ್ನಿ ಉಳ್ಳಾಗಡ್ಡಿ ಎಷ್ಟಕ್ಕ ತಂದಿ?"

"ಏನ್ರಿ ಅತ್ತಿ?"

"ಉಳ್ಳಾಗಡ್ಡಿ. ಕೇಳಿದ್ದಕ್ಕ ಹೇಳು."

ವಿಶಾಲಾಕ್ಷಿ ಹೇಳಿದಳು. ಗುರುಬಾಯಿ ತುಟ್ಟಿಯಾಯಿತು ಅಂದಳು. ಬದನೆಕಾಯಿ ಕೇಳಿದಳು. ಎದುರುಮನೆಯ ಹುಡುಗಿಗೆ ಗಂಡು ಗೊತ್ತಾಯಿತೋ ಇಲ್ಲವೋ ಕೇಳಿದಳು. ವಿಶಾಲಾಕ್ಷಿ ತುಳಿಯುತ್ತ ತುಳಿಯುತ್ತಲೇ ಆ ಹುಡುಗಿಯ ಗಂಡಿನ ಕಡೆಯವರ ಕಥೆ ಪೂರ್ತಿ ಹೇಳಿದಳು, ಗಂಡಿನ ಸೋದರತ್ತೆಯ ಕೊಂಕು ಮಾತುಗಳ ಸಮೇತ. ಎಲ್ಲಿಯೂ ಉಸಿರು ಕಟ್ಟಲಿಲ್ಲ. ಆಗ ಮುದುಕಿ ತಲೆ ಆಡಿಸಿದಳು.

"ಏರಿನಾಗ ಮಾತಾಡಾಕ ಬರಬೇಕು," ಅಂದಳು. "ಮಾತು ನಿಂತ್ರ ಹೆಜ್ಜಿ ದೊಡ್ಡದಾತು ಅಂತ ತಿಳ್ಕೋಬೇಕು. ನಮ್ಮತ್ತಿ ನನಗ ಹಿಂಗಽ ಕೇಳಿಕೋತ ಕರಕೊಂಡು ಹ್ವಾದ್ಲು, ಮೊದಲನೇ ವರ್ಷ." ಚೀಲವನ್ನೊಮ್ಮೆ ತಟ್ಟಿದಳು. "ಇದಕ್ಕ ಸೈಕಲ್ ಅಂತೀರಿ ಏನ್ ನೀವು? ಇದು ನಡಿಗಿನಽ ಬಿಡು."

ವಿಶಾಲಾಕ್ಷಿ ಹ್ಯಾಂಡಲನ್ನು ಬಿಗಿ ಹಿಡಿದಳು. ಇಲ್ಲವಾದರೆ ಗಾಡಿ ಹೊಯ್ದಾಡುತ್ತಿತ್ತು.

"ಆ ತೋಳಿಗೆ ಕೆಂಪು ಯಾಕೈತಿ?" ಕೇಳಿದಳು ಗುರುಬಾಯಿ.

"ಅದು... ನಾಪಾಸಂತ, ಯವ್ವಾ," ಅಂದ ಅಮರೇಶಪ್ಪ ಏದುಸಿರು ಬಿಡುತ್ತ.

"ಯಾರು ನಾಪಾಸ್ ಮಾಡಿದವರು?"

"ನಾನಽ."

"ನೀ ಎಂದರ ಶ್ರೀಶೈಲಕ್ಕ ನಡದೀ ಏನು?"

ಅಮರೇಶಪ್ಪ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸತೊಡಗಿದ. ಹಿಂದಿನಿಂದ ಮುನವ್ವರ್ ಭಾಯಿಯ ನಗು ಕೇಳಿಸಿತು. ಅವನಿಗೆ ಮುದುಕಿಯ ಕನ್ನಡ ಅಷ್ಟಾಗಿ ತಿಳಿಯದು, ಆದರೆ ತಾಯಿ ಮಗನನ್ನು ದಬಾಯಿಸುವುದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ.

ತಿರುವಿನ ಹತ್ತಿರದ ದೀಪದ ಕಂಬಕ್ಕೆ ಬಂದಾಗ ಗುರುಬಾಯಿ ನಿಂತಳು. ಕಂಬಕ್ಕೆ ಆತುಕೊಂಡು ಮೊಣಕಾಲು ತಿಕ್ಕಿಕೊಂಡಳು. "ನೀ ಹೋಗು, ಇಳೀಬ್ಯಾಡ," ಅಂದಳು. ನಾಲ್ಕು ಮಾರು ಮುಂದೆ ಹೋದವಳಿಗೆ ಕೇಳುವ ಹಾಗೆ ದನಿ ಎತ್ತಿದಳು. "ವಿಶಾಲೀ! ಸೀರಿ ದಡಿ ಯಾವುದು ಗೊತ್ತೈತೇನು?"

"ಇಲ್ಲರಿ! ನೀವು ತೋರಿಸೇ ಇಲ್ಲಲ್ಲ!"

"ಮನಿಗಿ ನಡಿ, ತೋರಸ್ತೀನಿ!"

ವಿಶಾಲಾಕ್ಷಿ ಉಳಿದ ಏರನ್ನು ಹೇಗೆ ಹತ್ತಿದಳೋ ಅವಳಿಗೇ ನೆನಪಿಲ್ಲ. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇದ್ದೀತು. ಮೇಲೆ ಮುಟ್ಟಿ ಗಾಡಿಯನ್ನು ಗೋಡೆಗೆ ಒರಗಿಸಿ ಕೆಳಗೆ ನೋಡಿದರೆ ಹುಸೇನ್ ಸಾಗರ ಬಿಸಿಲಿಗೆ ಹೊಳೆಯುತ್ತಿತ್ತು, ಅರ್ಧ ಊರು ಇನ್ನೂ ಎದ್ದಿರಲಿಲ್ಲ. "ಹತ್ತಿದೆ!" ಎಂದು ಕೂಗಿದಳು, ಯಾರಿಗೋ ಏನೋ.

ಸೀರೆ ಇಳಕಲ್ಲಿನದು. ದಾಳಿಂಬೆ ಬಣ್ಣದ ಮೈ, ಹಸಿರು ದಡಿ, ಸೆರಗಿಗೆ ಬಿಳಿ ಗೋಪುರದ ಸಾಲು. ಟ್ರಂಕಿನಿಂದ ಹೊರಗೆ ಬಂದಾಗ ಮನೆಯೆಲ್ಲ ನುಸಿಗುಳಿಗೆಯ ವಾಸನೆ. ಗುರುಬಾಯಿ ಅದನ್ನು ಮಡಿಲಲ್ಲಿ ಹಾಕಿಕೊಂಡು ಮಡಿಕೆ ಮಡಿಕೆಯನ್ನೂ ಬಿಚ್ಚಿ, ಎಲ್ಲಿಯಾದರೂ ನುಸಿ ತಿಂದಿದೆಯೋ ಎಂದು ನೋಡಿದಳು. ಎಲ್ಲಿಯೂ ತಿಂದಿರಲಿಲ್ಲ. ಅಮರೇಶಪ್ಪ ಬಾಗಿ ತಾನೂ ತಪಾಸಣೆ ಮಾಡಲು ಹೊರಟಾಗ ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ, "ಬಣ್ಣದ ಡಬ್ಬಿ ದೂರ ಇಡು," "ದೂರ ಇಡ್ರಿ," ಅಂದರು.

ಯುಗಾದಿಗೆ ಮೂರು ದಿನ ಇರುವಾಗ ಹೊರಡುವುದೆಂದಾಯಿತು. ಅಮರೇಶಪ್ಪ ಬಸ್ಸಿನಲ್ಲಿ ಹೋಗಿ ಮೇಲೆ ಕಾಯುವುದು. ಗುರುಬಾಯಿಯನ್ನೂ ಬಸ್ಸಿಗೆ ಕರೆದರೆ ಅವಳು ಕೈಮುಗಿದಳು. "ಪಾರ್ಸಲ್ ಆಗಿ ನಾ ಬರಂಗಿಲ್ಲಪ್ಪ. ನನ್ನ ಸೊಸಿ ನಡಕೋತ ಹೊಂಟಾಳ, ಅಷ್ಟು ಸಾಕು."

ಬೆಳಗಿನ ಜಾವ ವಿಶಾಲಾಕ್ಷಿ ಸ್ನಾನ ಮಾಡಿ ಮೆಟ್ಟಿಲ ಕೆಳಗಿನಿಂದ ಗಾಡಿ ಹೊರಗೆ ತಂದಳು. ಗುರುಬಾಯಿ ಅವಳ ಉಡಿ ತುಂಬಿ, ಹಣೆಗೆ ವಿಭೂತಿ ಹಚ್ಚಿ, ಬಿಳಿ ಬಟ್ಟೆಯಲ್ಲಿ ಕಟ್ಟಿದ ಗಂಟನ್ನು ಎರಡೂ ಕೈಯಿಂದ ಎತ್ತಿ ಕೊಟ್ಟಳು. "ಅಕಿ ಕೇಳಿದ್ರ, ನಿಮ್ಮವ್ವಗ ಕಾಲು ನೋವು, ಅದಕ್ಕಽ ಇಷ್ಟ್ ವರ್ಷ ಬಂದಿಲ್ಲ ಅಂತ ಹೇಳು. ಮರ್ತಿಲ್ಲ ಅಂತ ಹೇಳು," ಅಂದಳು. ಕೂಡಲೇ ಹಗ್ಗ ಎಳೆದು ನೋಡಿ ಗದರಿದಳು. "ಬಿಗಿ ಕಟ್ಟು, ಸಡ್ಲ ಆಗೇತಿ ಹಗ್ಗ."

ವಿಶಾಲಾಕ್ಷಿ ಗಂಟು ಕಟ್ಟಲು ಬಾಗಿದಾಗ ಪೆಡಲಿನ ತೋಳು ಕಣ್ಣಿಗೆ ಬಿತ್ತು. ಕೆಂಪು ಬೊಟ್ಟಿನ ಪಕ್ಕದಲ್ಲಿ ಹೊಸದಾಗಿ ಒಂದು ಹಸಿರು ಬೊಟ್ಟು. ಅವಳು ತಲೆಯೆತ್ತಿ ಗಂಡನನ್ನು ನೋಡಿದಳು.

"ನೌಕರಿಯೊಳಗ ಒಂದ ಸಲನೂ ಹಿಂಗ ಮಾಡಿದಾಂವ ಅಲ್ಲ," ಅಂದ ಅಮರೇಶಪ್ಪ, ಗೇಟಿನ ಚಿಲಕವನ್ನೇ ನೋಡುತ್ತ. "ಸಂಭಾಳಿಸಿ ಹೋಗು."

ಅವಳ ಗೆಳತಿಯರಿಬ್ಬರೂ ಮುಖ್ಯ ರಸ್ತೆಯಲ್ಲಿ ಕಾಯುತ್ತಿದ್ದರು. ಅಲ್ಲಿಯವರೆಗೆ ಓಣಿ ಸಪಾಟು, ಇಳಿಜಾರೇ ಅನ್ನಬೇಕು. ವಿಶಾಲಾಕ್ಷಿ ಹತ್ತಿ ಒಂದು ಸಲ ತುಳಿದಳೋ ಇಲ್ಲವೋ, ಗಾಡಿ ಮುಂದೆ ಜಾರಿತು. ಹಿಂದೆ ಗಂಟಿನ ಮೇಲೆ ಕೈ ಇಟ್ಟುಕೊಂಡು ಗುರುಬಾಯಿ ಹೊರಟಿದ್ದಾಳೆ ಎಂದು ಆಗಷ್ಟೇ ಅವಳಿಗೆ ತಿಳಿಯಿತು. ಥಟ್ಟನೆ ಬ್ರೇಕು ಹಿಡಿದು ಚೈನನ್ನು ಸಣ್ಣ ಚಕ್ರಕ್ಕೆ ಇಳಿಸಿದಳು.

ಸಪಾಟು ಓಣಿಯಲ್ಲಿ ಇಪ್ಪತ್ತೆರಡು ಹಲ್ಲು! ಕಾಲುಗಳು ಬೀಸುವ ಕಲ್ಲಿನ ಹಾಗೆ ಗರಗರ ಸುತ್ತಿದವು, ಗಾಡಿ ಮಾತ್ರ ಮುದುಕಿಯ ಹೆಜ್ಜೆಗೆ ಹೆಜ್ಜೆ ಕೊಟ್ಟು ಹೋಯಿತು. ಹಾಲಿನವನು ನಿಂತು ನೋಡಿದ. ಪಕ್ಕದ ಮನೆಯ ಯಜಮಾನಿ ಗೇಟಿನಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅತ್ತೆ ಸೊಸೆ ಯಾರನ್ನೂ ನೋಡಲಿಲ್ಲ. ದಾರಿಯಲ್ಲಿ ಮೊಸರನ್ನ ಎಲ್ಲಿ ತಿನ್ನಬೇಕು, ಮನ್ನನೂರಿನ ನೀರು ಹೇಗೆ, ಮೇಲೆ ಗುಡಿಯಲ್ಲಿ ಯಾವ ಬಾಗಿಲಿಂದ ಹೋದರೆ ಗದ್ದಲ ಕಡಿಮೆ, ಇದೇ ಮಾತು.

ಇರಾನಿ ಹೋಟೆಲಿನ ಮೂಲೆಯಲ್ಲಿ ಮಾತು ನಿಂತಿತು. ಗಂಟಿನ ಮೇಲಿದ್ದ ಕೈ ಎದ್ದದ್ದು ವಿಶಾಲಾಕ್ಷಿಗೆ ಗೊತ್ತಾಯಿತು. ಆದರೂ ಮುಖ್ಯ ರಸ್ತೆಯ ತಿರುವು ದಾಟುವ ತನಕ ಅವಳು ಸಣ್ಣ ಚಕ್ರ ಬಿಡಲಿಲ್ಲ.